ನಮ್ಮ ಹಾಲು ಮೊಸರಾಗಲಿಲ್ಲ, ಯಾಕೆ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ವಿಜಯನಗರದ ಅಜ್ಜಿಯೊಬ್ಬರು ಪಾತ್ರೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ‘ಏನಪ್ಪಾ, ಹಾಲಿಗೆ ನೀರು ಹಾಕೋಕೆ ಶುರು ಮಾಡಿದ್ರಾ? ಎರಡು ದಿನ ಆಯ್ತು, ಹೆಪ್ಪು ಹಾಕಿದ್ರೆ ಮೊಸರೇ ಆಗ್ತಿಲ್ಲ’ ಎಂದರು. ನನಗೆ ಸಿಟ್ಟು ಬಂತು. ನಮ್ಮಜ್ಜನ ಕಾಲದಿಂದ ಆ ಮನೆಗೆ ಹಾಲು ಹಾಕುತ್ತಿದ್ದೇವೆ. ಆಗ ನಮ್ಮ ಕೊಟ್ಟಿಗೆ ಮೂಡಲಪಾಳ್ಯದಲ್ಲಿತ್ತು. ಸುತ್ತ ಮನೆಗಳು ಎದ್ದ ಮೇಲೆ ಹಸುಗಳನ್ನು ಕೆಂಗೇರಿ ಆಚೆಗೆ ಸಾಗಿಸಿದೆವು. ಹಳೆಯ ವರ್ತನೆ ಮನೆಗಳನ್ನು ಮಾತ್ರ ಬಿಡಲಿಲ್ಲ. ಕಾಲೇಜಿಗೆ ಹೋಗುವ ಮುಂಚೆ ಸ್ಕೂಟರಿನಲ್ಲಿ ಹಾಲು ಹಾಕಿ ಬರುವುದು ನನ್ನ ಕೆಲಸ. ಒಂದು ತೊಟ್ಟು ನೀರು ಬೆರೆಸಿದವರಲ್ಲ ನಾವು.

ಆದರೆ ಮನೆಗೆ ಬರುವ ದಾರಿಯಲ್ಲೇ ಒಂದು ಅನುಮಾನ ಕೊರೆಯಲು ಶುರುವಾಯಿತು. ಆ ಅಜ್ಜಿಗೆ ಒಂದೇ ಹಸುವಿನ ಹಾಲು ಬೇಕು. ಅವರಿಗೆ ಹೋಗುವುದು ಗೌರಿಯ ಹಾಲು. ಗೌರಿಗೆ ಆ ವಾರ ಕೆಚ್ಚಲು ಬಾವು ಬಂದಿತ್ತು. ಮೂರು ದಿನ ಇಂಜೆಕ್ಷನ್ ಆಗಿತ್ತು, ಮೊಲೆಯೊಳಗೆ ಟ್ಯೂಬ್ ಔಷಧವನ್ನೂ ಹಾಕಿತ್ತು. ನಾಲ್ಕನೇ ದಿನ ಹಾಲಿನ ಗಡ್ಡೆ ನಿಂತು ಬಣ್ಣ ಸರಿಯಾಯಿತು. ‘ವಾಸಿ ಆಯ್ತಲ್ಲ’ ಎಂದು ಅಮ್ಮ ಅಂದೇ ಹಾಲು ಕೊಡಲು ಶುರು ಮಾಡಿದರು. ಹಾಕಿ ಬಂದವನು ನಾನು.

ಆ ರಾತ್ರಿ ಮೂರು ಬಟ್ಟಲು ಇಟ್ಟೆ. ಒಂದರಲ್ಲಿ ಗೌರಿಯ ಹಾಲು, ಇನ್ನೊಂದರಲ್ಲಿ ನಮ್ಮ ಮತ್ತೊಂದು ಹಸುವಿನ ಹಾಲು, ಮೂರನೆಯದರಲ್ಲಿ ಪ್ಯಾಕೆಟ್ ಹಾಲು. ಮೂರನ್ನೂ ಕಾಯಿಸಿ, ಆರಿಸಿ, ಒಂದೇ ಮೊಸರಿನಿಂದ ಒಂದೊಂದು ಚಮಚ ಹೆಪ್ಪು ಹಾಕಿದೆ. ಬೆಳಿಗ್ಗೆ ಎರಡು ಬಟ್ಟಲು ಗಟ್ಟಿ ಮೊಸರಾಗಿದ್ದವು. ಗೌರಿಯ ಹಾಲು ಹಾಲಾಗಿಯೇ ಇತ್ತು.

ನಾನು ಓದುತ್ತಿರುವುದು ಸೂಕ್ಷ್ಮಜೀವಿಶಾಸ್ತ್ರ. ಬಾವು ಬಂದ ಕೆಚ್ಚಲಿನ ಹಾಲು ತಾನಾಗಿಯೇ ಸರಿಯಾಗಿ ಹೆಪ್ಪಾಗದೆ ಇರಬಹುದು. ಹಾಗಾಗಿ ಬಟ್ಟಲಿನ ಪ್ರಯೋಗವನ್ನೇ ಕೊನೆಯ ಸಾಕ್ಷಿ ಎನ್ನುವಂತಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಮೇಡಂ ಅನುಮತಿ ಕೊಟ್ಟರು. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಕಾಯಿಸಿದ ಹಾಲಿನಲ್ಲಿ ಅದ್ದಿದ ಎರಡು ಕಾಗದದ ಬಿಲ್ಲೆ ಇಟ್ಟೆವು. ಮರುದಿನ ಒಂದು ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಎಂದಿನಂತೆ ಬೆಳೆದಿತ್ತು. ಗೌರಿಯ ಹಾಲಿನ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ಒಂದು ತಿಳಿ ವೃತ್ತ. ಹಾಲಿನಲ್ಲಿ ಆ್ಯಂಟಿಬಯಾಟಿಕ್ ಉಳಿದಿತ್ತು. ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ. ಅಜ್ಜಿಯ ಹೆಪ್ಪನ್ನು ಕೊಂದದ್ದು ನೀರಲ್ಲ, ನಮ್ಮ ಔಷಧ.

ಈ ಲೇಖನ ಬರೆಯಲು ಕಾರಣ ಆ ವೃತ್ತ. ನಮ್ಮ ಮನೆಯ ತಪ್ಪನ್ನು ಮೊದಲು ಹೇಳಿಕೊಂಡಿದ್ದೇನೆ, ಯಾಕೆಂದರೆ ಮುಂದೆ ಹೇಳುವುದು ನಮ್ಮೊಬ್ಬರ ಮನೆಯ ವಿಷಯವಲ್ಲ.

ಬಾವು ಎಂದರೇನು?

ಹಸು ಸಾಕಿದವರಿಗೆ ಕೆಚ್ಚಲು ಬಾವು ಗೊತ್ತಿಲ್ಲದ ಕಾಯಿಲೆಯಲ್ಲ. ಮೊಲೆತೊಟ್ಟಿನ ತುದಿಯ ಸಣ್ಣ ರಂಧ್ರದಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಕೆಚ್ಚಲು ಊದುತ್ತದೆ, ಬಿಸಿಯಾಗುತ್ತದೆ, ಹಾಲಿನಲ್ಲಿ ಗಡ್ಡೆ, ಕೀವು, ಕೆಲವೊಮ್ಮೆ ರಕ್ತ ಬರುತ್ತದೆ. ಇದು ಕಣ್ಣಿಗೆ ಕಾಣುವ ಬಾವು. ಕಣ್ಣಿಗೆ ಕಾಣದ ಇನ್ನೊಂದಿದೆ. ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಇಳುವರಿ ದಿನದಿನಕ್ಕೂ ಇಳಿಯುತ್ತದೆ. ರೈತ ಹಿಂಡಿಯನ್ನೋ ಬೂಸಾವನ್ನೋ ದೂರುತ್ತಾನೆ. ಬಾವಿಗೆ ಒಂದೇ ರೋಗಾಣು ಕಾರಣವಲ್ಲ. ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್, ಇ. ಕೋಲಿ, ಕ್ಲೆಬ್ಸಿಯೆಲ್ಲಾ ಹೀಗೆ ಹಲವು. ಕೆಲವು ಒಂದು ಹಸುವಿನಿಂದ ಇನ್ನೊಂದಕ್ಕೆ ಹಾಲು ಕರೆಯುವವರ ಕೈಯ ಮೂಲಕವೇ ಹೋಗುತ್ತವೆ. ಕೆಲವು ಸಗಣಿ, ಗಂಜಲ, ಕೆಸರಿನಿಂದ ಬರುತ್ತವೆ.

ಇಲ್ಲಿಯೇ ಸಮಸ್ಯೆಯ ಬೇರು ಇದೆ. ರೋಗಾಣು ಯಾವುದು ಎಂದು ಗೊತ್ತಾಗದೆ ಸರಿಯಾದ ಔಷಧ ಹೇಳುವುದು ಕಷ್ಟ. ಪೆನ್ಸಿಲಿನ್‌ಗೆ ಬಗ್ಗುವ ರೋಗಾಣು ಬೇರೆ, ಬಗ್ಗದ ರೋಗಾಣು ಬೇರೆ. ಇ. ಕೋಲಿಯಿಂದ ಬಂದ ಸೌಮ್ಯ ಬಾವಿನಲ್ಲಿ ಅನೇಕ ಸಲ ಹಸುವಿನ ದೇಹವೇ ರೋಗಾಣುವನ್ನು ಓಡಿಸಿರುತ್ತದೆ. ಹಾಲನ್ನು ಪರೀಕ್ಷೆಗೆ ಹಾಕಿದಾಗ ಏನೂ ಬೆಳೆಯದ ಪ್ರಕರಣಗಳೂ ಸಾಕಷ್ಟಿವೆ. ಅಂಥ ಕಡೆ ಆ್ಯಂಟಿಬಯಾಟಿಕ್ ಕೊಟ್ಟರೆ ಹಸುವಿಗೆ ಲಾಭವಿಲ್ಲ. ಪರೀಕ್ಷೆಗೆ ಬೇಕಾಗುವುದು ಸುಮಾರು ಒಂದು ದಿನ. ಆದರೆ ಕೊಟ್ಟಿಗೆಯಲ್ಲಿ ನಿಂತವರಿಗೆ ಆ ಒಂದು ದಿನ ಕಾಯುವ ಧೈರ್ಯವಿರುವುದಿಲ್ಲ. ಒಂದು ಮೊಲೆ ಹೋದರೆ ಹಸುವಿನ ಬೆಲೆಯೇ ಬಿದ್ದುಹೋಗುತ್ತದೆ. ಹಾಗಾಗಿ ಫೋನಿನಲ್ಲಿ ಕೇಳಿ, ಔಷಧ ಅಂಗಡಿಯಿಂದ ತಂದು, ‘ಇರಲಿ, ಸ್ಟ್ರಾಂಗ್ ಆಗಿರೋದೇ ಹಾಕಿಬಿಡೋಣ’ ಎನ್ನುವುದು ರೂಢಿ. ಎರಡು ದಿನಕ್ಕೆ ಊತ ಇಳಿದರೆ ಮೂರನೇ ದಿನದ ಡೋಸ್ ಕಪಾಟಿನಲ್ಲೇ ಉಳಿಯುತ್ತದೆ, ಮುಂದಿನ ಸಲಕ್ಕೆ.

ನಮಗೂ ಹಸುವಿಗೂ ಒಂದೇ ಔಷಧ

ಕೆಚ್ಚಲು ಬಾವಿಗೆ ನಮ್ಮ ಕಡೆ ಬಳಸುವ ಔಷಧಗಳಲ್ಲಿ ಸೆಫ್ಟ್ರಿಯಾಕ್ಸೋನ್ ಒಂದು. ಆಸ್ಪತ್ರೆಯಲ್ಲಿ ನ್ಯುಮೋನಿಯಾಕ್ಕೂ ಮೆದುಳು ಪೊರೆಯ ಸೋಂಕಿಗೂ ಕೊಡುವುದು ಇದನ್ನೇ. ಇದು 2014ರಲ್ಲಿ ಜಾರಿಗೆ ಬಂದ ಎಚ್‌1 ಪಟ್ಟಿಯಲ್ಲಿದೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಕಾನೂನು ಹಾಗಿದೆ.

ಔಷಧವನ್ನು ಮತ್ತೆ ಮತ್ತೆ, ಅರ್ಧಂಬರ್ಧ ಬಳಸಿದಾಗ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ವಂಶ ಬೆಳೆಸುತ್ತವೆ. ಅವು ಹಸುವಿನ ಕೆಚ್ಚಲಲ್ಲೇ ಉಳಿಯುವುದಿಲ್ಲ. ಹಾಲಿನಲ್ಲಿ, ಸಗಣಿಯಲ್ಲಿ, ಕರೆಯುವವರ ಕೈಯಲ್ಲಿ ಹೊರಗೆ ಬರುತ್ತವೆ. ಪಶ್ಚಿಮ ಬೆಂಗಳೂರಿನ ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಪುಸ್ತಕ ಬೇಡ. ಕೊಟ್ಟಿಗೆ ತೊಳೆದ ನೀರು ಚರಂಡಿಗೆ, ಚರಂಡಿ ವೃಷಭಾವತಿಗೆ, ವೃಷಭಾವತಿ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ. ಅದೇ ನೀರಿನಲ್ಲಿ ಬೆಳೆದ ಹುಲ್ಲು ಮತ್ತೆ ಹಸುಗಳ ಬಾಯಿಗೆ.

ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2019ರ ಒಂದೇ ವರ್ಷ ಜಗತ್ತಿನಲ್ಲಿ 12.7 ಲಕ್ಷ ಜನರ ಸಾವಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ. ಈ ಲೆಕ್ಕವೆಲ್ಲ ಹಸುವಿನ ಮೇಲೆ ಹೊರಿಸುವುದು ಅನ್ಯಾಯ. ಶೀತ ಬಂದರೂ ಆ್ಯಂಟಿಬಯಾಟಿಕ್ ನುಂಗುವ ನಾವೂ ಅದರಲ್ಲಿ ಪಾಲುದಾರರು. ಆದರೆ ಹಸುವಿನ ಪಾಲು ಸೊನ್ನೆಯಲ್ಲ.

ಕಾಗದದಲ್ಲಿ ಏನಿದೆ?

ನಮ್ಮ ದೇಶ ಕೈಕಟ್ಟಿ ಕುಳಿತಿಲ್ಲ. 2017ರಲ್ಲಿ ಈ ಸಮಸ್ಯೆಗೆಂದೇ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. 2019ರ ಜುಲೈನಲ್ಲಿ ಕೊಲಿಸ್ಟಿನ್ ಎಂಬ ಕೊನೆಯ ಅಸ್ತ್ರದಂಥ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸದಂತೆ ಕೇಂದ್ರ ಸರ್ಕಾರ ನಿಷೇಧಿಸಿತು. ಹಾಲಿನಲ್ಲಿ ಯಾವ ಔಷಧ ಎಷ್ಟು ಇರಬಹುದು ಎಂಬ ಮಿತಿಯನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಿಗದಿ ಮಾಡಿದೆ.

ಅದೇ ಪ್ರಾಧಿಕಾರ 2018ರಲ್ಲಿ 1,103 ಪಟ್ಟಣ, ನಗರಗಳಿಂದ 6,432 ಹಾಲಿನ ಮಾದರಿ ಪರೀಕ್ಷಿಸಿತು. 77 ಮಾದರಿಗಳಲ್ಲಿ ಆ್ಯಂಟಿಬಯಾಟಿಕ್ ಮಿತಿಗಿಂತ ಹೆಚ್ಚಿತ್ತು. ಅಂದರೆ ಶೇ 1.2. ಇದನ್ನು ಎರಡು ರೀತಿ ಓದಬಹುದು. ನೂರರಲ್ಲಿ ತೊಂಬತ್ತೆಂಟು ಮಾದರಿಗೆ ಈ ದೋಷವಿಲ್ಲ, ಹಾಗಾಗಿ ಹಾಲು ಕುಡಿಯಲು ಹೆದರಬೇಕಿಲ್ಲ. ಇದು ನಿಜ. ಆದರೆ 2023–24ರಲ್ಲಿ ಸುಮಾರು 23.9 ಕೋಟಿ ಟನ್ ಹಾಲು ಉತ್ಪಾದಿಸಿದ ದೇಶದಲ್ಲಿ ಶೇ 1 ಎಂಬುದು ಸಣ್ಣ ಸಂಖ್ಯೆಯಲ್ಲ. ಇನ್ನೊಂದು ಮಾತು: ಈ ಪರೀಕ್ಷೆ ಹಾಲಿನಲ್ಲಿ ಉಳಿದ ಔಷಧವನ್ನು ಅಳೆಯುತ್ತದೆಯೇ ಹೊರತು ಕೊಟ್ಟಿಗೆಯಲ್ಲಿ ಬಳಸಿದ ಔಷಧವನ್ನಲ್ಲ. ಹಾಲು ಶುದ್ಧವಾಗಿ ಬಂದರೂ ಬಳಕೆ ವಿಪರೀತ ಇರಬಹುದು.

ಡೇರಿಗೆ ಹೋಗುವ ಹಾಲಿಗೆ ಟ್ಯಾಂಕರ್ ಮಟ್ಟದಲ್ಲಾದರೂ ಒಂದು ತಪಾಸಣೆ ಇರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಓಣಿಗಳಲ್ಲಿ ನಮ್ಮಂಥವರು ಕ್ಯಾನಿನಲ್ಲಿ ತಂದು ಹಾಕುವ ಹಾಲನ್ನು ದಿನವೂ ತಪಾಸಣೆ ಮಾಡುವುದು ಅಜ್ಜಿಯರ ಹೆಪ್ಪು ಮಾತ್ರ. ‘ಕಣ್ಣೆದುರು ಕರೆದ ಹಾಲು, ಶುದ್ಧ’ ಎಂದು ನಂಬಿ ಜನ ಹೆಚ್ಚು ಬೆಲೆ ಕೊಡುತ್ತಾರೆ. ಕಾಯಿಸಿದರೆ ಎಲ್ಲ ಹೋಗುತ್ತದೆ ಎಂಬ ನಂಬಿಕೆಯೂ ಇದೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಪೆನ್ಸಿಲಿನ್ ಅಲರ್ಜಿ ಇದ್ದವರಿಗೆ ಇದು ಅಪಾಯ.

ಏಳು ದಿನದ ಹಾಲು ಯಾರ ಲೆಕ್ಕಕ್ಕೆ?

ಇಂಜೆಕ್ಷನ್ ಕೊಟ್ಟಷ್ಟು ದಿನ, ಕೊನೆಯ ಡೋಸ್ ಆದ ಮೇಲೆ ಔಷಧದ ಪೊಟ್ಟಣದಲ್ಲಿ ಬರೆದಷ್ಟು ದಿನ (ಸಾಮಾನ್ಯವಾಗಿ ಮೂರು ನಾಲ್ಕು ದಿನ) ಹಾಲು ಮಾರಬಾರದು. ಒಂದು ಮೊಲೆಗೆ ಮಾತ್ರ ಔಷಧ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲು ಬಿಡಬೇಕು. ಇದನ್ನು ಹೇಳುವುದು ಸುಲಭ. ಗೌರಿ ದಿನಕ್ಕೆ 12 ಲೀಟರ್ ಕೊಡುತ್ತಾಳೆ. ಏಳು ದಿನಕ್ಕೆ 84 ಲೀಟರ್. ನಾವು ಮನೆಮನೆಗೆ ಹಾಕುವುದು 55 ರೂಪಾಯಿಗೆ. 4,620 ರೂಪಾಯಿ ಚೆಲ್ಲಬೇಕು. ಮೇಲೆ ಔಷಧದ ಖರ್ಚು, ಹಿಂಡಿಯ ಖರ್ಚು. ಅಮ್ಮ ಮೋಸಗಾರ್ತಿಯಲ್ಲ. ಆ ತಿಂಗಳು ನನ್ನ ಪರೀಕ್ಷಾ ಶುಲ್ಕ ಕಟ್ಟಬೇಕಿತ್ತು, ಅಷ್ಟೆ.

ಚೆಲ್ಲುವ ಹಾಲನ್ನು ಕರುವಿಗೆ ಕುಡಿಸುವುದು ಇನ್ನೊಂದು ರೂಢಿ. ಅದೂ ತಪ್ಪು. ಆ ಚೂರು ಪಾರು ಔಷಧದಲ್ಲಿ ಕರುವಿನ ಹೊಟ್ಟೆಯ ಬ್ಯಾಕ್ಟೀರಿಯಾಗಳೇ ಪಳಗುತ್ತವೆ.

ಹಾಗಾಗಿ ‘ರೈತರಲ್ಲಿ ಜಾಗೃತಿ ಮೂಡಿಸಬೇಕು’ ಎಂದು ಬರೆದು ಮುಗಿಸುವುದು ನನಗೆ ಇಷ್ಟವಿಲ್ಲ. ಜಾಗೃತಿ ಇದ್ದರೂ ಜೇಬು ಒಪ್ಪಬೇಕು. ಔಷಧ ಬಳಸುವ ಪ್ರಸಂಗವೇ ಕಡಿಮೆಯಾದರೆ ಮಾತ್ರ ಹಾಲು ಚೆಲ್ಲುವ ಪ್ರಸಂಗ ಕಡಿಮೆಯಾಗುತ್ತದೆ. ರೈತನ ಲಾಭವೂ ಸಮಾಜದ ಲಾಭವೂ ಒಂದಾಗುವ ಜಾಗ ಇದೊಂದೇ.

ಕಡಿಮೆ ಮಾಡುವುದು ಹೇಗೆ?

ನೆದರ್ಲೆಂಡ್ಸ್ 2009ರಿಂದೀಚೆಗೆ ಜಾನುವಾರುಗಳಿಗೆ ಮಾರುವ ಆ್ಯಂಟಿಬಯಾಟಿಕ್ ಪ್ರಮಾಣವನ್ನು ಶೇ 70ಕ್ಕೂ ಹೆಚ್ಚು ಇಳಿಸಿದೆ. ಅಲ್ಲಿನ ಡೇರಿ ಉದ್ಯಮ ಮುಚ್ಚಿಹೋಗಲಿಲ್ಲ. ಹಾಲು ಬತ್ತಿಸುವಾಗ ಎಲ್ಲ ಹಸುಗಳಿಗೂ ಮುನ್ನೆಚ್ಚರಿಕೆಯ ಹೆಸರಲ್ಲಿ ಔಷಧ ತುಂಬುವ ಪದ್ಧತಿ ಬಿಟ್ಟು, ಪರೀಕ್ಷೆಯಲ್ಲಿ ಸೋಂಕು ಕಂಡ ಹಸುಗಳಿಗೆ ಮಾತ್ರ ಕೊಡಲು ಶುರು ಮಾಡಿದರು. 2022ರ ಜನವರಿ 28ರಿಂದ ಇಡೀ ಯುರೋಪಿಯನ್ ಒಕ್ಕೂಟದಲ್ಲಿ ರೋಗವಿಲ್ಲದ ಪ್ರಾಣಿಗಳಿಗೆ ವಾಡಿಕೆಯಂತೆ ಆ್ಯಂಟಿಬಯಾಟಿಕ್ ಕೊಡುವುದಕ್ಕೆ ಕಾನೂನಿನ ತಡೆ ಬಿದ್ದಿದೆ.

ಅಲ್ಲಿನದು ನೂರಾರು ಹಸುಗಳ ಫಾರ್ಮ್, ನಮ್ಮದು ಎರಡು ಮೂರು ಹಸುಗಳ ಕೊಟ್ಟಿಗೆ. ಆದರೆ ದಾರಿ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ. ಯಲಹಂಕದ ಬಳಿಯ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಂ.ಎನ್. ಬಾಲಕೃಷ್ಣನ್ ನಾಯರ್ ಅವರು, ತಮಿಳುನಾಡಿನ ಪಶುವೈದ್ಯ ವಿಜ್ಞಾನಿ ಪ್ರೊ. ಎನ್. ಪುಣ್ಯಮೂರ್ತಿ ಅವರ ಜೊತೆಗೂಡಿ, ಹಳ್ಳಿಗಳ ಪಶುವೈದ್ಯ ಪದ್ಧತಿಗಳನ್ನು ಪರಿಶೀಲಿಸಿ ಬಳಕೆಗೆ ತಂದಿದ್ದಾರೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅವುಗಳನ್ನು ಹಾಲಿನ ಸಂಘಗಳ ಮೂಲಕ ಪ್ರಚಾರ ಮಾಡುತ್ತಿದೆ. ಕೆಚ್ಚಲು ಬಾವಿನ ಮದ್ದು ಸರಳ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ಮೂರನ್ನೂ ರುಬ್ಬಬೇಕು. ಒಂದು ಹಿಡಿಯಷ್ಟನ್ನು ನೀರಲ್ಲಿ ತೆಳ್ಳಗೆ ಕದಡಿ, ಹಾಲು ಪೂರ್ತಿ ಕರೆದು ತೊಳೆದ ಕೆಚ್ಚಲಿಗೆ ಪೂರ್ತಿ ಸವರಬೇಕು. ದಿನಕ್ಕೆ ಹತ್ತು ಸಲದಂತೆ ಕನಿಷ್ಠ ಐದು ದಿನ. ಹಚ್ಚುವ ಕೆಲಸ ಹೆಚ್ಚು, ಖರ್ಚು ಕಡಿಮೆ, ಔಷಧದ ಶೇಷ ಉಳಿಯುವ ಭಯವಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ‘ನಮ್ಮ ಹಿರಿಯರ ಮದ್ದು ಇರುವಾಗ ಡಾಕ್ಟರ್ ಯಾಕೆ’ ಎನ್ನುವುದು ಇನ್ನೊಂದು ಬಗೆಯ ಮೌಢ್ಯ. ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ಬಣ್ಣ ತಿರುಗಿದರೆ, ಕೂತ ಹಸು ಏಳದಿದ್ದರೆ ಒಂದು ಗಂಟೆಯೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962ಕ್ಕೆ ಕರೆ ಮಾಡಬಹುದು. ಅಂಥ ಹಸುವಿಗೆ ಆ್ಯಂಟಿಬಯಾಟಿಕ್ ಬೇಕೇ ಬೇಕು. ನಾವು ಅದನ್ನು ಉಳಿಸಿಟ್ಟುಕೊಳ್ಳಬೇಕು ಎನ್ನುವುದೂ ಇಂಥ ದಿನಕ್ಕಾಗಿಯೇ.

ಎಲ್ಲಕ್ಕಿಂತ ಅಗ್ಗದ ದಾರಿ ಬಾವು ಬಾರದಂತೆ ನೋಡಿಕೊಳ್ಳುವುದು. ಕರೆಯುವ ಮುಂಚೆ ಕೈ ಮತ್ತು ಕೆಚ್ಚಲು ತೊಳೆದು ಒರೆಸುವುದು. ಹೆಬ್ಬೆರಳು ಮಡಚಿ ತೊಟ್ಟನ್ನು ಎಳೆಯುವ ಬದಲು ಇಡೀ ಮುಷ್ಟಿಯಲ್ಲಿ ಹಿಡಿದು ಕರೆಯುವುದು. ಮೊದಲ ಒಂದೆರಡು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ಗಡ್ಡೆ ಇದೆಯೇ ನೋಡುವುದು. ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು. ಆಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಮೇವು ಹಾಕುವುದು, ಯಾಕೆಂದರೆ ಕರೆದ ತಕ್ಷಣ ತೊಟ್ಟಿನ ರಂಧ್ರ ತೆರೆದಿರುತ್ತದೆ. ಬಾವು ಬಂದ ಹಸುವನ್ನು ಕೊನೆಗೆ ಕರೆಯುವುದು. ಕಾಣದ ಬಾವು ಹಿಡಿಯಲು ಕ್ಯಾಲಿಫೋರ್ನಿಯಾ ಪರೀಕ್ಷೆ ಇದೆ. ನಾಲ್ಕು ಗುಂಡಿಯ ಒಂದು ಪ್ಲಾಸ್ಟಿಕ್ ತಟ್ಟೆ, ಒಂದು ಬಾಟಲಿ ದ್ರಾವಣ. ಹಾಲು ಲೋಳೆಯಾದರೆ ಆ ಮೊಲೆಯಲ್ಲಿ ತೊಂದರೆ ಇದೆ ಎಂದರ್ಥ. ಇದಕ್ಕೆ ಡಿಗ್ರಿ ಬೇಡ, ಒಂದು ಸಲ ತೋರಿಸಿಕೊಡುವವರು ಬೇಕು.

ನಮಗೇನು ಕೆಲಸ?

ಬೆಂಗಳೂರು ಹಾಲಿನ ವಿಜ್ಞಾನದ ಹಳೆಯ ಊರು. ಆಡುಗೋಡಿಯ ಡೇರಿ ಸಂಶೋಧನಾ ಸಂಸ್ಥೆ ಶುರುವಾದದ್ದು 1923ರಲ್ಲಿ. 1927ರಲ್ಲಿ ಬೆಂಗಳೂರಿಗೆ ವಿಶ್ರಾಂತಿಗೆ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹೈನುಗಾರಿಕೆಯ ಪಾಠ ಕಲಿತರು. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರದ್ದು. ಯಲಹಂಕದಲ್ಲಿ ಪಶುರೋಗಗಳ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ ಇದೆ. ಇಷ್ಟೆಲ್ಲ ಇದ್ದೂ ಕೆಂಗೇರಿಯ ಒಂದು ಕೊಟ್ಟಿಗೆಯ ಹಾಲಿನಲ್ಲಿ ಯಾವ ರೋಗಾಣು ಇದೆ ಎಂದು ಒಂದು ದಿನದಲ್ಲಿ ನಮಗೆ ಗೊತ್ತಾಗಲಿಲ್ಲ. ವಿಜ್ಞಾನದ ಕೊರತೆಯಲ್ಲ ಇದು, ನಡುವೆ ಓಡಾಡುವ ಜನರ ಕೊರತೆ.

ಇಲ್ಲಿ ಉದ್ಯೋಗ ಹುಡುಕುತ್ತಿರುವ ನಮ್ಮಂಥವರಿಗೆ ಜಾಗವಿದೆ ಎಂದು ನನಗೆ ಅನ್ನಿಸುತ್ತದೆ. ಸೂಕ್ಷ್ಮಜೀವಿಶಾಸ್ತ್ರ ಓದಿದ ಪದವೀಧರರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಹಲವರು ಕೊನೆಗೆ ಕಾಲ್ ಸೆಂಟರ್ ಸೇರುತ್ತಾರೆ. ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಗೆ, ಹಾಲಿನ ಶೀತಲೀಕರಣ ಕೇಂದ್ರಕ್ಕೆ ಒಂದು ಸಣ್ಣ ಪರೀಕ್ಷಾ ಕೋಣೆ ಕೊಟ್ಟರೆ, ಸಂಜೆ ಕೊಟ್ಟ ಮಾದರಿಗೆ ಮರುದಿನ ಸಂಜೆಯೊಳಗೆ ಉತ್ತರ ಸಿಗುತ್ತದೆ. ಬೇಕಾಗುವುದು ಒಂದು ಇನ್‌ಕ್ಯುಬೇಟರ್, ತಟ್ಟೆಗಳು, ಓದಲು ಬರುವ ಒಬ್ಬರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರಿಗೆ ಇನ್ನೊಂದು ಮಾತು. ‘ಒಂದೇ ಆರೋಗ್ಯ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಉದಾಹರಣೆ ಹುಡುಕುವಿರಾದರೆ, ನಿಮ್ಮ ಬೀದಿಯ ಹಾಲಿನವರನ್ನು ಮಾತಾಡಿಸಿ.

ಹಣದ ಪ್ರಶ್ನೆಗೂ ದಾರಿಯಿದೆ. ಡೇರಿಗೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತಿದೆ. ಅದು ಹಾಕಿದ ಹಾಲಿಗೆ. ವೈದ್ಯರ ಚೀಟಿ ತೋರಿಸಿ ‘ನನ್ನ ಹಸುವಿಗೆ ಔಷಧ ಆಗಿದೆ, ನಾಲ್ಕು ದಿನ ಹಾಲು ಹಾಕುವುದಿಲ್ಲ’ ಎಂದು ಮೊದಲೇ ಹೇಳುವ ರೈತನಿಗೆ ಆ ದಿನಗಳ ಒಂದಷ್ಟು ಪರಿಹಾರ ಕೊಟ್ಟರೆ ಹೇಗೆ? ದುರುಪಯೋಗ ಆಗುತ್ತದೆ ಎನ್ನಬಹುದು. ಚೀಟಿ ಕಡ್ಡಾಯ ಮಾಡಿ, ವರ್ಷಕ್ಕೆ ಇಂತಿಷ್ಟೇ ದಿನ ಎಂದು ಮಿತಿ ಹಾಕಿದರೆ ಅದನ್ನು ತಡೆಯಬಹುದು. ಅದರಿಂದ ಇನ್ನೊಂದು ಲಾಭವಿದೆ: ಯಾವ ಔಷಧ ಎಲ್ಲಿ ಎಷ್ಟು ಬಳಕೆಯಾಗುತ್ತಿದೆ ಎಂಬ ಲೆಕ್ಕ ಮೊದಲ ಬಾರಿಗೆ ರೈತರಿಂದಲೇ ಸಿಗುತ್ತದೆ. ಈಗ ಸತ್ಯ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ. ಇದು ತಿರುಗುವವರೆಗೆ ಯಾವ ಕಾನೂನೂ ಕೊಟ್ಟಿಗೆಯೊಳಗೆ ಬರುವುದಿಲ್ಲ.

ಕೊನೆಗೆ ನಮ್ಮ ಮನೆಯ ಮಾತು. ಆ ವೃತ್ತದ ಫೋಟೊವನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆ ಅಜ್ಜಿ ಮನೇಲಿ ಮಗು ಇದೆ ಅಲ್ವೇನೋ’ ಎಂದರು. ಮರುದಿನ ನಾನು ಎಂಟು ವರ್ತನೆ ಮನೆಗಳಿಗೂ ಹೋಗಿ ನಡೆದದ್ದನ್ನು ಹೇಳಿದೆ. ಎರಡು ಮನೆಯವರು ಹಾಲು ನಿಲ್ಲಿಸಿದರು. ಅವರ ಮೇಲೆ ಬೇಸರವಿಲ್ಲ. ಅಜ್ಜಿ ನಿಲ್ಲಿಸಲಿಲ್ಲ. ‘ಇನ್ಮೇಲೆ ಸೂಜಿ ಹಾಕ್ಸಿದ ದಿನ ಮೊದ್ಲೇ ಹೇಳಪ್ಪ’ ಎಂದರು. ಈಗ ನಮ್ಮ ಕೊಟ್ಟಿಗೆಯಲ್ಲಿ ಔಷಧ ಆದ ಹಸುವಿನ ಕಾಲಿಗೆ ಕೆಂಪು ದಾರ ಕಟ್ಟುತ್ತೇವೆ, ಗೋಡೆಯ ಕ್ಯಾಲೆಂಡರಿನಲ್ಲಿ ಕೊನೆಯ ಡೋಸಿನ ದಿನ ಬರೆಯುತ್ತೇವೆ. ಹಿತ್ತಲಲ್ಲಿ ಲೋಳೆಸರದ ಸಾಲು ಇದೆ. ಗೌರಿಗೆ ಈ ಬೇಸಿಗೆಯಲ್ಲಿ ಒಮ್ಮೆ ಸಣ್ಣಗೆ ಊತ ಬಂತು, ಸೂಜಿ ಇಲ್ಲದೆ ವಾಸಿಯಾಯಿತು. ಇನ್ನೊಂದು ಹಸುವಿಗೆ ಜ್ವರ ಬಂದಾಗ ಡಾಕ್ಟರನ್ನು ಕರೆಸಿ ಅವರು ಹೇಳಿದಷ್ಟು ದಿನವೂ ಇಂಜೆಕ್ಷನ್ ಹಾಕಿಸಿದೆವು. ಅಷ್ಟೂ ದಿನದ ಹಾಲು ಚೆಲ್ಲಿದೆವು. ಚೆಲ್ಲುವಾಗ ಅಮ್ಮ ಲೀಟರ್ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕ ಸರ್ಕಾರದ ಪುಸ್ತಕದಲ್ಲೂ ಒಂದು ದಿನ ಬರಲಿ.

– ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿ, ಕೆಂಗೇರಿ, ಬೆಂಗಳೂರು